ಮುಟ್ಟಿನ ನೋವು, ಊಟದ ತಟ್ಟೆ: ಎಂಡೊಮೆಟ್ರಿಯೋಸಿಸ್‌ನ ನೂರು ವರ್ಷದ ಕಥೆ

ಇವತ್ತಿನ ಕಂತನ್ನ ನಮ್ಮ ಮನೆಯ ಒಂದು ಹಳೇ ನೋಟ್‌ಬುಕ್ಕಿನಿಂದ ಶುರು ಮಾಡ್ತೀನಿ. ಇನ್ನೂರು ಪುಟದ, ಗೆರೆ ಎಳೆದ, ಮಕ್ಕಳು ಸ್ಕೂಲಿಗೆ ಒಯ್ಯುವಂಥ ನೋಟ್‌ಬುಕ್. ಅದರಲ್ಲಿ ನನ್ನ ಅಕ್ಕ ದಿನಾ ಮೂರು ವಿಷಯ ಬರೀತಿದ್ದಳು. ತಾರೀಖು. ಏನು ತಿಂದೆ. ನೋವು ಹತ್ತಕ್ಕೆ ಎಷ್ಟು. ‘ಉಪ್ಪಿಟ್ಟು, ಮಧ್ಯಾಹ್ನ ಹುಳಿ ಅನ್ನ, ರಾತ್ರಿ ಚಪಾತಿ. ನೋವು 8.’ ಹೀಗೇ ಪುಟಗಟ್ಟಲೆ.

ಅವಳಿಗೆ ನೋವು ಶುರುವಾಗಿದ್ದು ಹೈಸ್ಕೂಲಲ್ಲಿ. ತಿಂಗಳ ಆ ಮೂರು ದಿನ ಗೋಡೆ ಹಿಡಿದುಕೊಂಡು ಓಡಾಡ್ತಿದ್ದಳು. ಅಮ್ಮ ಓಮದ ಕಷಾಯ ಕೊಟ್ಟರು, ಮೆಂತ್ಯ ನೆನೆಸಿದ ನೀರು ಕೊಟ್ಟರು, ಬಿಸಿನೀರಿನ ಚೀಲ ಇಟ್ಟರು. ‘ಎಲ್ಲಾ ಹೆಣ್ಣುಮಕ್ಕಳಿಗೂ ಇದ್ದದ್ದೇ’ ಅಂತ ಅಜ್ಜಿ ಅಂದ್ರು. ಒಬ್ಬರು ಡಾಕ್ಟರ್ ಅಂತೂ ‘ಮದುವೆ ಮಾಡಿ, ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ’ ಅಂತ ನಮ್ಮಪ್ಪನಿಗೆ ಹೇಳಿ ಕಳಿಸಿದರು. ಅಕ್ಕ ಪಕ್ಕದಲ್ಲೇ ಕೂತಿದ್ದಳು, ಅವಳ ಹತ್ತಿರ ಅವರು ಮಾತಾಡಲಿಲ್ಲ. ಲ್ಯಾಪರೋಸ್ಕೋಪಿ ಮಾಡಿ ‘ಇದು ಎಂಡೊಮೆಟ್ರಿಯೋಸಿಸ್’ ಅಂತ ಇನ್ನೊಬ್ಬ ಡಾಕ್ಟರ್ ಹೆಸರಿಟ್ಟು ಹೇಳುವ ಹೊತ್ತಿಗೆ ಹನ್ನೊಂದು ವರ್ಷ ಕಳೆದಿತ್ತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಈ ಕಾಯಿಲೆ ಇದೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಾಯಿಲೆ ಪತ್ತೆಯಾಗೋಕೆ ವರ್ಷಗಟ್ಟಲೆ ಹಿಡಿಯೋದು ಹಲವು ದೇಶಗಳಲ್ಲಿ ಸಾಮಾನ್ಯ.

ಇವತ್ತು ಎರಡು ಪ್ರಶ್ನೆ ಇಟ್ಕೊಂಡು ಹಿಂದಕ್ಕೆ ಹೋಗೋಣ. ‘ಮಗು ಆದ್ರೆ ಸರಿಹೋಗುತ್ತೆ’ ಅನ್ನೋ ಮಾತು ವೈದ್ಯಕೀಯಕ್ಕೆ ಎಲ್ಲಿಂದ ಬಂತು? ಮತ್ತೆ, ಅಕ್ಕನ ನೋಟ್‌ಬುಕ್ಕಿನ ಎರಡನೇ ಕಾಲಂ ಇದೆಯಲ್ಲ, ಊಟ, ಅದು ಈ ಕಾಯಿಲೆಯ ಕಥೆಯೊಳಗೆ ಯಾವಾಗ ಬಂತು?

ಹೆಸರು ಬಂದ ಬಗೆ

ಮೊದಲು ಕಾಯಿಲೆ ಏನು ಅಂತ ಒಂದು ಮಾತು. ಗರ್ಭಕೋಶದ ಒಳಗೆ ಒಂದು ಪದರ ಇರುತ್ತೆ. ತಿಂಗಳು ತಿಂಗಳೂ ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ, ಮುಟ್ಟಾಗಿ ಹೊರಗೆ ಹೋಗುತ್ತೆ. ಅದೇ ಥರದ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆದರೆ, ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಹತ್ತಿರ, ಆಗ ಅದು ಎಂಡೊಮೆಟ್ರಿಯೋಸಿಸ್. ಅಲ್ಲೂ ಅದು ಹಾರ್ಮೋನಿನ ಮಾತು ಕೇಳುತ್ತೆ, ಅಲ್ಲೂ ರಕ್ತ ಒಸರುತ್ತೆ. ಆದರೆ ಹೊರಗೆ ಹೋಗೋಕೆ ದಾರಿ ಇಲ್ಲ. ಸುತ್ತ ಉರಿಯೂತ ಆಗುತ್ತೆ, ಗಾಯದ ಕಲೆ ಕಟ್ಟುತ್ತೆ, ಒಂದಕ್ಕೊಂದು ಅಂಟಬಾರದ ಅಂಗಗಳು ಅಂಟಿಕೊಳ್ಳುತ್ತವೆ.

ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದವರಲ್ಲಿ ಮೊದಲಿಗರೆಂದು ಹೆಸರಾದವರು ವಿಯೆನ್ನಾದ ಕಾರ್ಲ್ ಫಾನ್ ರೋಕಿಟಾನ್ಸ್ಕಿ, 1860ರಲ್ಲಿ. ಅವರು ಶವಪರೀಕ್ಷೆಯ ದೊಡ್ಡ ಪಂಡಿತರು. ಆಮೇಲೆ ಬಾಲ್ಟಿಮೋರಿನ ಥಾಮಸ್ ಕಲೆನ್ ಗರ್ಭಕೋಶದ ಗೋಡೆಯೊಳಗೆ ಹಬ್ಬುವ ಇಂಥದ್ದೇ ಗಂಟುಗಳ ಬಗ್ಗೆ 1908ರಲ್ಲಿ ಪುಸ್ತಕವನ್ನೇ ಬರೆದರು.

ಆದರೆ ಕಾಯಿಲೆಗೆ ಈಗಿನ ಹೆಸರು ಕೊಟ್ಟವರು ಅಮೆರಿಕದ ಆಲ್ಬನಿ ಊರಿನ ಸರ್ಜನ್ ಜಾನ್ ಸ್ಯಾಂಪ್ಸನ್. 1921ರಲ್ಲಿ ಅವರು ಅಂಡಾಶಯದಲ್ಲಿ ಹಳೇ ರಕ್ತ ತುಂಬಿ ಕಂದು ಬಣ್ಣಕ್ಕೆ ತಿರುಗಿದ ಗಡ್ಡೆಗಳ ಬಗ್ಗೆ ಬರೆದರು. ‘ಚಾಕೊಲೇಟ್ ಸಿಸ್ಟ್’ ಅಂತ ಇವತ್ತಿಗೂ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಹೇಳ್ತಾರಲ್ಲ, ಅದೇ. 1927ರಲ್ಲಿ ಅದರ ಕಾರಣವನ್ನೂ ಮುಂದಿಟ್ಟರು: ಮುಟ್ಟಿನ ರಕ್ತ ಸ್ವಲ್ಪ ಹಿಂದಕ್ಕೆ, ನಾಳಗಳ ಮೂಲಕ ಹೊಟ್ಟೆಯೊಳಗೆ ಹರಿದು, ಅದರಲ್ಲಿರೋ ಜೀವಕೋಶಗಳು ಅಲ್ಲಿ ಬೇರು ಬಿಡ್ತವೆ ಅಂತ. ಈ ವಾದ ಇವತ್ತಿಗೂ ಚಾಲ್ತಿಯಲ್ಲಿದೆ. ಆದರೆ ಪೂರ್ತಿ ಉತ್ತರ ಅಲ್ಲ. ಯಾಕಂದ್ರೆ ರಕ್ತ ಹಿಂದಕ್ಕೆ ಹರಿಯೋದು ಬಹುಪಾಲು ಹೆಂಗಸರಲ್ಲಿ ಆಗುತ್ತೆ, ಕಾಯಿಲೆ ಬರೋದು ಕೆಲವರಿಗೆ ಮಾತ್ರ.

ಕಾರಣ ಪೂರ್ತಿ ಗೊತ್ತಿಲ್ಲದ ಕಾಯಿಲೆ ಬಂದಾಗ ಆ ಖಾಲಿ ಜಾಗದಲ್ಲಿ ಬೇಗ ಬಂದು ಕೂರೋದು ತಪ್ಪು ಹೊರಿಸೋ ಮಾತು. ಇಲ್ಲೂ ಹಾಗೇ ಆಯ್ತು.

ತಪ್ಪು ಯಾರದ್ದು?

ಬಾಸ್ಟನ್ನಿನ ಜೋ ಮೆಗ್ಸ್ ಆ ಕಾಲದ ಬಹಳ ದೊಡ್ಡ ಸ್ತ್ರೀರೋಗ ತಜ್ಞರು. 1941ರಲ್ಲಿ ಅವರು ಬರೆದ ಲೇಖನದ ಸಾರ ಇಷ್ಟು: ಸ್ಥಿತಿವಂತರ ಮನೆಯ ಹೆಣ್ಣುಮಕ್ಕಳು ತಡವಾಗಿ ಮದುವೆಯಾಗ್ತಾರೆ, ಮಗುವನ್ನ ಮುಂದೂಡ್ತಾರೆ, ಅದಕ್ಕೇ ಈ ಕಾಯಿಲೆ. ಬೇಗ ಮದುವೆ, ಬೇಗ ಬೇಗ ಮಕ್ಕಳು, ಅದೇ ಪರಿಹಾರ. ಮುಂದಿನ ದಶಕಗಳಲ್ಲಿ ಅಮೆರಿಕದಲ್ಲಿ ಇದಕ್ಕೆ ‘ಕೆಲಸಕ್ಕೆ ಹೋಗೋ ಹೆಂಗಸರ ಕಾಯಿಲೆ’ ಅಂತ ಅಡ್ಡಹೆಸರೇ ಬಂತು.

ಈಗ ನಿಮಗೆ ಗೊತ್ತಾಗಿರಬೇಕು. ನಮ್ಮಪ್ಪನಿಗೆ ಆ ಡಾಕ್ಟರ್ ಹೇಳಿದ್ದು ಬರೀ ನಮ್ಮ ಹಳ್ಳಿಯ ನಂಬಿಕೆ ಅಲ್ಲ. ಒಂದು ಕಾಲದ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ ಸಲಹೆಯೂ ಹೌದು. ಅಜ್ಜಿಯ ಮಾತೂ ಬಾಸ್ಟನ್ನಿನ ಪಂಡಿತರ ಮಾತೂ ಒಂದೇ ಕಡೆ ಬಂದು ಸೇರಿದ್ದವು. ಬಸುರಿಯಾದಾಗ ಮುಟ್ಟು ನಿಲ್ಲೋದರಿಂದ ಕೆಲವರಿಗೆ ನೋವು ತಾತ್ಕಾಲಿಕವಾಗಿ ತಗ್ಗಬಹುದು, ನಿಜ. ಆದರೆ ಬಸಿರು ಈ ಕಾಯಿಲೆಯನ್ನ ವಾಸಿ ಮಾಡಲ್ಲ. ಯುರೋಪಿನ ತಜ್ಞರ ಈಗಿನ ಮಾರ್ಗಸೂಚಿ, ಚಿಕಿತ್ಸೆ ಅಂತ ಬಸಿರಾಗೋಕೆ ಹೇಳಬೇಡಿ ಅಂತಲೇ ವೈದ್ಯರಿಗೆ ಹೇಳುತ್ತೆ.

ಇದರ ಇನ್ನೊಂದು ಮುಖವೂ ಇದೆ. ಇದು ಸ್ಥಿತಿವಂತ ಬಿಳಿಯ ಹೆಂಗಸರ ಕಾಯಿಲೆ ಅಂತ ತೀರ್ಮಾನ ಆದಮೇಲೆ ಕಪ್ಪು ಹೆಂಗಸರು ಅದೇ ನೋವು ತಂದರೆ, ‘ನಿಮ್ಮದು ಸೋಂಕು’ ಅಂತ ಬರೆದು ಕಳಿಸ್ತಿದ್ದರು. ಆ ಸೋಂಕು ಬಹಳ ಸಲ ಲೈಂಗಿಕ ಸಂಪರ್ಕದಿಂದ ಬರುವಂಥದ್ದು, ಅಂದರೆ ನಡತೆಯ ಮೇಲೂ ಒಂದು ಅನುಮಾನ. 1976ರಲ್ಲಿ ಡೊನಾಲ್ಡ್ ಚಾಟ್‌ಮನ್ ಅನ್ನೋ ಕಪ್ಪು ವೈದ್ಯರು ತಮ್ಮ ರೋಗಿಗಳನ್ನ ಮತ್ತೆ ಪರೀಕ್ಷಿಸಿ ನೋಡಿದರು. ಸೋಂಕು ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಕಪ್ಪು ಹೆಂಗಸರಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇದ್ದದ್ದು ಎಂಡೊಮೆಟ್ರಿಯೋಸಿಸ್. ನೋವು ಒಂದೇ, ಹಣೆಪಟ್ಟಿ ಬೇರೆ ಬೇರೆ. ಒಬ್ಬಳಿಗೆ ‘ಮದುವೆ ಆಗಲಿಲ್ಲ’ ಅನ್ನೋ ತಪ್ಪು, ಇನ್ನೊಬ್ಬಳಿಗೆ ‘ನಡತೆ ಸರಿ ಇಲ್ಲ’ ಅನ್ನೋ ತಪ್ಪು.

ಊಟ ಬಂದದ್ದು ರೋಗಿಗಳ ಕಡೆಯಿಂದ

1970ರ ದಶಕದಲ್ಲಿ ಡನಜೋಲ್ ಅನ್ನೋ ಹಾರ್ಮೋನ್ ಮಾತ್ರೆ ಬಂತು. ನೋವು ಇಳೀತಿತ್ತು. ಜೊತೆಗೆ ಮೈತೂಕ ಏರೋದು, ಮೊಡವೆ, ಮುಖದ ಮೇಲೆ ಕೂದಲು, ಕೆಲವರಿಗೆ ದನಿ ಗಡಸಾಗೋದು. ಇಂಥ ಔಷಧ ಮತ್ತು ಆಪರೇಷನ್ನಿನ ನಡುವೆ ಸಿಕ್ಕಿಬಿದ್ದ ಹೆಂಗಸರು ಸ್ವತಃ ಏನಾದರೂ ಮಾಡಿಕೊಳ್ಳಬಹುದಾ ಅಂತ ಹುಡುಕಿದ್ದು ಸಹಜ.

1980ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಮೇರಿ ಲೂ ಬಾಲ್ವೆಗ್ ಮತ್ತು ಕ್ಯಾರೊಲಿನ್ ಕೀತ್ ಸೇರಿ ಎಂಡೊಮೆಟ್ರಿಯೋಸಿಸ್ ಅಸೋಸಿಯೇಷನ್ ಕಟ್ಟಿದರು. ಕಾಯಿಲೆ ಇದ್ದವರೇ ಕೂಡಿ, ಒಬ್ಬರಿಗೊಬ್ಬರು ಹೇಳಿಕೊಂಡು, ಮಾಹಿತಿ ಕಲೆಹಾಕಿದ ಸಂಘ ಅದು. 1999ರಲ್ಲಿ ಬ್ರಿಟನ್ನಿನ ಪೋಷಣಾ ತಜ್ಞೆ ಡಯಾನ್ ಮಿಲ್ಸ್, ಸಂಶೋಧಕ ಮೈಕೆಲ್ ವರ್ನನ್ ಜೊತೆ ಸೇರಿ ಈ ಕಾಯಿಲೆಗೆ ಆಹಾರದ ದಾರಿ ಹೇಳುವ ಪುಸ್ತಕವನ್ನೇ ತಂದರು. ಅಂದರೆ ಊಟದ ಮಾತು ಇಲ್ಲಿಗೆ ಬಂದದ್ದು ಹೆಚ್ಚಾಗಿ ಅಡುಗೆಮನೆಯ ಬಾಗಿಲಿಂದ. ವೈದ್ಯಕೀಯ ಕಾಲೇಜುಗಳು ಅದನ್ನ ಗಂಭೀರವಾಗಿ ತಗೊಂಡಿದ್ದು ತಡವಾಗಿ.

ಆಮೇಲೆ ಕೋತಿಗಳ ಕಥೆ. ವಿಸ್ಕಾನ್ಸಿನ್‌ನಲ್ಲಿ ರೀಸಸ್ ಕೋತಿಗಳಿಗೆ ನಾಲ್ಕು ವರ್ಷ ಮೇವಿನ ಜೊತೆ ಅತಿ ಸಣ್ಣ ಪ್ರಮಾಣದ ಡೈಆಕ್ಸಿನ್ ಅನ್ನೋ ವಿಷ ಕೊಟ್ಟಿದ್ದರು. ಆ ಪ್ರಯೋಗ ಬೇರೆ ಉದ್ದೇಶದ್ದು. ವರ್ಷಗಳು ಕಳೆದಮೇಲೆ ಕೆಲವು ಕೋತಿಗಳು ಎಂಡೊಮೆಟ್ರಿಯೋಸಿಸ್‌ನಿಂದ ಸತ್ತದ್ದು ಕಂಡುಬಂತು. ಆಗ ಉಳಿದವನ್ನೂ ಪರೀಕ್ಷಿಸಿದರು, ಇದಕ್ಕೆ ರೋಗಿಗಳ ಆ ಸಂಘವೂ ಒತ್ತಾಸೆಯಾಗಿ ನಿಂತಿತ್ತು. 1993ರಲ್ಲಿ ಶೆರಿ ರಿಯರ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕ ಇದು: ಕಡಿಮೆ ಡೈಆಕ್ಸಿನ್ ತಿಂದ 7 ಕೋತಿಗಳಲ್ಲಿ 3ಕ್ಕೆ, ಹೆಚ್ಚು ತಿಂದ 7ರಲ್ಲಿ 5ಕ್ಕೆ ಕಾಯಿಲೆ ಜೋರಾಗಿತ್ತು.

ಡೈಆಕ್ಸಿನ್ ಕಾರ್ಖಾನೆಯ ಹೊಗೆಯಿಂದ, ಕಸ ಸುಡೋದರಿಂದ ಹುಟ್ಟುವಂಥದ್ದು. ಆದರೆ ಮನುಷ್ಯರ ಮೈ ಸೇರೋದು ಹೆಚ್ಚಾಗಿ ಊಟದಿಂದ, ಮಾಂಸ, ಹಾಲು, ಮೀನಿನ ಕೊಬ್ಬಿನಿಂದ. ಸರಿ, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯ್ತು. ಕೋತಿಗಳ ಸಂಖ್ಯೆ ಬಹಳ ಸಣ್ಣದು, ಆಮೇಲೆ ಮನುಷ್ಯರಲ್ಲಿ ನಡೆದ ಅಧ್ಯಯನಗಳು ಒಂದೇ ಮಾತು ಹೇಳಲಿಲ್ಲ. ಆದರೂ ‘ತಿನ್ನೋದಕ್ಕೂ ಇದಕ್ಕೂ ಸಂಬಂಧ ಇರಬಹುದಾ’ ಅನ್ನೋ ಪ್ರಶ್ನೆ ಲ್ಯಾಬಿನೊಳಗೆ ಕಾಲಿಟ್ಟಿತು.

ಎಣಿಸೋಕೆ ಶುರು ಮಾಡಿದಾಗ

ಇನ್ನೊಂದು ಕಡೆಯಿಂದ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕದ ಅಧ್ಯಯನ ನಡೀತಿತ್ತು. ಮುಟ್ಟಿನಲ್ಲಿ ಗರ್ಭಕೋಶ ಹಿಂಡಿದ ಹಾಗಾಗೋದಕ್ಕೆ ಕಾರಣ ಇದೇ. ನೋವಿನ ಮಾತ್ರೆಗಳು ಇದರ ತಯಾರಿಯನ್ನೇ ತಡೀತವೆ ಅಂತ ಜಾನ್ ವೇನ್ 1971ರಲ್ಲಿ ತೋರಿಸಿದ್ದರು, ಪ್ರೊಸ್ಟಾಗ್ಲಾಂಡಿನ್ ಸಂಶೋಧನೆಗೆ 1982ರ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಮೈ ಈ ಪ್ರೊಸ್ಟಾಗ್ಲಾಂಡಿನ್ ಮಾಡಿಕೊಳ್ಳೋದು ಕೊಬ್ಬಿನಾಮ್ಲಗಳಿಂದ. ಅಂದರೆ ನಾವು ತಿನ್ನುವ ಎಣ್ಣೆ, ಕೊಬ್ಬಿನಿಂದ. ಎಣ್ಣೆ ಬದಲಿಸಿದರೆ ನೋವು ಬದಲಾಗುತ್ತಾ ಅನ್ನೋ ಪ್ರಶ್ನೆಗೆ ಇಲ್ಲಿಂದ ಒಂದು ಬುಡ ಸಿಕ್ಕಿತು.

2004ರಲ್ಲಿ ಉತ್ತರ ಇಟಲಿಯಿಂದ ಮೊದಲ ದೊಡ್ಡ ಲೆಕ್ಕ ಬಂತು. ಕಾಯಿಲೆ ಇದ್ದ 504 ಹೆಂಗಸರು, ಇಲ್ಲದ 504 ಹೆಂಗಸರು. ಹಸಿರು ತರಕಾರಿ, ಹಣ್ಣು ಹೆಚ್ಚು ತಿನ್ನುವವರಲ್ಲಿ ಕಾಯಿಲೆ ಕಡಿಮೆ, ದನದ ಮಾಂಸ, ಹಂದಿಯ ಹ್ಯಾಮ್ ಹೆಚ್ಚು ತಿನ್ನುವವರಲ್ಲಿ ಹೆಚ್ಚು ಕಂಡಿತು. ಆದರೆ ಇಲ್ಲೊಂದು ತೊಡಕು. ಕಾಯಿಲೆ ಬಂದಮೇಲೆ ‘ಮೊದಲು ಏನು ತಿಂತಿದ್ರಿ’ ಅಂತ ಕೇಳಿದರೆ ನೆನಪು ನೆಟ್ಟಗಿರೋದು ಕಷ್ಟ.

ಅದಕ್ಕೆ ಅಮೆರಿಕದ ನರ್ಸ್‌ಗಳ ಅಧ್ಯಯನ ಮುಖ್ಯ ಆಗುತ್ತೆ. 1989ರಲ್ಲಿ ಶುರುವಾದ ಇದರಲ್ಲಿ ಲಕ್ಷಕ್ಕೂ ಹೆಚ್ಚು ನರ್ಸ್‌ಗಳು ಸೇರಿದರು. ಕಾಯಿಲೆ ಬರೋಕೆ ಮೊದಲೇ ಊಟದ ಪ್ರಶ್ನೆ ಕೇಳಿ, ಆಮೇಲೆ ಯಾರಿಗೆ ಬಂತು ಅಂತ ವರ್ಷಗಟ್ಟಲೆ ನೋಡಿದರು. 2010ರಲ್ಲಿ ಸ್ಟೇಸಿ ಮಿಸ್ಮರ್ ತಂಡ ಸುಮಾರು 70,000 ಜನರ ಹನ್ನೆರಡು ವರ್ಷದ ಲೆಕ್ಕ ಕೊಟ್ಟಿತು. ಮೀನಿನಲ್ಲಿರೋ ಉದ್ದ ಸರಪಳಿಯ ಒಮೆಗಾ-3 ಅತಿ ಹೆಚ್ಚು ತಿನ್ನುವವರಲ್ಲಿ ಕಾಯಿಲೆ ಪತ್ತೆಯಾಗೋ ಸಾಧ್ಯತೆ 22% ಕಡಿಮೆ. ಟ್ರಾನ್ಸ್ ಫ್ಯಾಟ್ ಅತಿ ಹೆಚ್ಚು ತಿನ್ನುವವರಲ್ಲಿ 48% ಹೆಚ್ಚು. ಟ್ರಾನ್ಸ್ ಫ್ಯಾಟ್ ಅಂದ್ರೆ ನಮಗೆ ದೂರದ ವಸ್ತು ಅಲ್ಲ. ಬೇಕರಿಯ ಪಫ್, ಬಿಸ್ಕತ್ತು, ಸ್ವೀಟ್ ಅಂಗಡಿಯ ತಿಂಡಿಗಳಲ್ಲಿ ದಶಕಗಟ್ಟಲೆ ಬಳಸಿದ ವನಸ್ಪತಿ ಇದೆಯಲ್ಲ, ಅದರಲ್ಲಿ ಇದ್ದದ್ದೂ ಇದೇ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ 2% ಮೀರಬಾರದು ಅಂತ ನಿಯಮ ಇದೆ, ಅದು ಹೃದಯದ ಕಾರಣಕ್ಕೆ ಬಂದದ್ದು.

ಇಷ್ಟು ಕೇಳಿ ‘ಓ, ಹಾಗಾದ್ರೆ ತರಕಾರಿ ತಿಂದ್ರೆ ಆಯ್ತು’ ಅನ್ಕೋಬೇಡಿ. ಅದೇ ನರ್ಸ್‌ಗಳ ಲೆಕ್ಕದಲ್ಲಿ 2018ರಲ್ಲಿ ಬಂದ ಫಲಿತಾಂಶ ಸ್ವಾರಸ್ಯಕರ. ಕಿತ್ತಳೆ ಜಾತಿಯ ಹಣ್ಣು ದಿನಾ ತಿನ್ನುವವರಲ್ಲಿ ಕಾಯಿಲೆ ಕಡಿಮೆ ಕಂಡಿತು. ಆದರೆ ಎಲೆಕೋಸು, ಹೂಕೋಸು ಜಾತಿಯ ತರಕಾರಿ ದಿನಾ ತಿನ್ನುವವರಲ್ಲಿ ಸ್ವಲ್ಪ ಹೆಚ್ಚು ಕಂಡಿತು. ಸಂಶೋಧಕರೇ ಇದನ್ನ ನಿರೀಕ್ಷಿಸಿರಲಿಲ್ಲ. ಕೋಸು ತಿಂದರೆ ಹೊಟ್ಟೆಯಲ್ಲಿ ಗಾಳಿ ತುಂಬಿ ನೋವು ಹೆಚ್ಚಿ, ಅವರು ಬೇಗ ಡಾಕ್ಟರ ಹತ್ತಿರ ಹೋಗಿ, ಅದಕ್ಕೆ ಕಾಯಿಲೆ ಪತ್ತೆಯಾಯಿತೇ ಅನ್ನೋ ಅನುಮಾನಕ್ಕೂ ಜಾಗ ಇದೆ. ಕಾಯಿಲೆ ಬರೋದು ಬೇರೆ, ಬಂದ ಕಾಯಿಲೆಯ ನೋವು ಏರಿಳಿಯೋದು ಬೇರೆ. ಈ ಎರಡನ್ನ ನಾವು ಯಾವಾಗಲೂ ಕಲಸಿಬಿಡ್ತೀವಿ.

ನೋವಿಗೆ ಊಟ: ಏನು ಸಾಬೀತಾಗಿದೆ?

ಈಗ ಎರಡನೆಯದಕ್ಕೆ ಬರೋಣ, ಬಂದ ನೋವನ್ನ ಊಟದಿಂದ ಇಳಿಸೋದು. 2012ರಲ್ಲಿ ಇಟಲಿಯ ವೈದ್ಯರು 207 ಹೆಂಗಸರಿಗೆ ಒಂದು ವರ್ಷ ಗ್ಲೂಟನ್ ಇಲ್ಲದ ಊಟ ಕೊಡಿಸಿದರು, ಅಂದರೆ ಗೋಧಿ, ಮೈದಾ, ರವೆ ಎಲ್ಲಾ ಬಂದ್. 156 ಜನ ನೋವು ಇಳಿದಿದೆ ಅಂದ್ರು. ಇವತ್ತಿಗೂ ಇಂಟರ್ನೆಟ್ಟಿನಲ್ಲಿ ಎಲ್ಲರೂ ಎತ್ತಿ ಹಿಡಿಯೋ ಅಂಕಿ ಅದು. ಆದರೆ ಹೋಲಿಸಿ ನೋಡೋಕೆ ಇನ್ನೊಂದು ಗುಂಪು ಇರಲಿಲ್ಲ.

ಹೋಲಿಕೆ ಯಾಕೆ ಬೇಕು ಅಂತ 2020ರ ಅಮೆರಿಕದ ಒಂದು ಪ್ರಯೋಗ ಚೆನ್ನಾಗಿ ತೋರಿಸುತ್ತೆ. ಕಾಯಿಲೆ ಇದ್ದ 69 ಹುಡುಗಿಯರು, ಯುವತಿಯರು. ಕೆಲವರಿಗೆ ವಿಟಮಿನ್ ಡಿ, ಕೆಲವರಿಗೆ ಮೀನೆಣ್ಣೆ, ಉಳಿದವರಿಗೆ ಏನೂ ಔಷಧ ಇಲ್ಲದ ಬರೀ ಗುಳಿಗೆ. ಆರು ತಿಂಗಳಾದಮೇಲೆ ವಿಟಮಿನ್ ಡಿ ತಗೊಂಡವರ ನೋವು ಇಳಿದಿತ್ತು. ಬರೀ ಗುಳಿಗೆ ತಗೊಂಡವರ ನೋವೂ ಹೆಚ್ಚುಕಮ್ಮಿ ಅಷ್ಟೇ ಇಳಿದಿತ್ತು! ಮೀನೆಣ್ಣೆ ಗುಂಪಿನಲ್ಲಿ ಅದರ ಅರ್ಧದಷ್ಟು. ಹಾಗಂತ ಆ ಹುಡುಗಿಯರ ನೋವು ಸುಳ್ಳು ಅಂತ ಅಲ್ಲ. ಯಾರೋ ನಮ್ಮ ನೋವನ್ನ ಕೇಳಿ, ಬರೆದುಕೊಂಡು, ಮತ್ತೆ ಬನ್ನಿ ಅಂದರೆ ಮೈಗೂ ಸ್ವಲ್ಪ ಹಗುರ ಆಗುತ್ತೆ. ಆದರೆ ಆ ಶ್ರೇಯಸ್ಸನ್ನ ಮಾತ್ರೆ ಡಬ್ಬಿಗೆ ಕೊಡೋಕಾಗಲ್ಲ.

ಇದುವರೆಗೆ ಸ್ವಲ್ಪ ಗಟ್ಟಿ ಆಧಾರ ಇರೋದು ಬೇರೆ ಕಡೆಯಿಂದ ಬಂದ ಒಂದು ಊಟದ ಕ್ರಮಕ್ಕೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಕರುಳಿನ ತೊಂದರೆ ಇರುವವರಿಗಾಗಿ ರೂಪಿಸಿದ ‘ಲೋ ಫಾಡ್‌ಮ್ಯಾಪ್’ ಕ್ರಮ ಅದು. ಕೆಲವು ಬಗೆಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೊಳ್ಳದೆ ಮುಂದೆ ಹೋಗಿ, ದೊಡ್ಡ ಕರುಳಿನಲ್ಲಿ ಹುದುಗು ಬಂದು ಗಾಳಿ ತುಂಬ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು, ಸೇಬು, ಮಾವು, ಇವೆಲ್ಲ ಆ ಪಟ್ಟಿಯಲ್ಲಿವೆ. ಅನ್ನ ಇಲ್ಲ. ಎಂಡೊಮೆಟ್ರಿಯೋಸಿಸ್ ಇರೋ ಬಹಳ ಜನಕ್ಕೆ ಮುಟ್ಟಿನ ನೋವಿನಷ್ಟೇ ಕಾಡೋದು ಈ ಹೊಟ್ಟೆ ಉಬ್ಬರ, ಮಲಬದ್ಧತೆ, ಭೇದಿ. 2017ರಲ್ಲಿ ನ್ಯೂಜಿಲೆಂಡಿನಿಂದ ಬಂದ ವರದಿಯಲ್ಲಿ, ಕರುಳಿನ ತೊಂದರೆಯ ಜೊತೆ ಈ ಕಾಯಿಲೆಯೂ ಇದ್ದ ಹೆಂಗಸರಲ್ಲಿ 72% ಜನಕ್ಕೆ ನಾಲ್ಕು ವಾರದಲ್ಲಿ ತೊಂದರೆ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು. 2025ರಲ್ಲಿ ಮೊನಾಶ್‌ನವರು ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದರು. 35 ಹೆಂಗಸರಿಗೆ ಸಂಶೋಧಕರೇ ಊಟ ಕೊಟ್ಟರು, 28 ದಿನ ಈ ಕ್ರಮ, 28 ದಿನ ಬೇರೆ ಸಾಮಾನ್ಯ ಊಟ. ಹೊಟ್ಟೆಯ ತೊಂದರೆ ತಗ್ಗಿದ್ದು ಈ ಕ್ರಮದಲ್ಲಿ 60% ಜನಕ್ಕೆ, ಇನ್ನೊಂದರಲ್ಲಿ 26% ಜನಕ್ಕೆ.

ಇದು ಜೀವನಪೂರ್ತಿ ಪಥ್ಯ ಅಲ್ಲ. ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದನ್ನೇ ವಾಪಸ್ ತಂದು, ಯಾವುದು ತನಗೆ ಆಗಲ್ಲ ಅಂತ ಕಂಡುಕೊಳ್ಳೋದು. ಅದೂ ಆಹಾರ ತಜ್ಞರ ಸಹಾಯದಿಂದ. ಹಾಗೇ, ಇದು ಕರುಳಿನ ಗದ್ದಲ ತಗ್ಗಿಸುತ್ತೆ. ಹೊಟ್ಟೆಯೊಳಗಿನ ಗಂಟುಗಳನ್ನ ಕರಗಿಸುತ್ತೆ ಅಂತ ಯಾವ ಪ್ರಯೋಗವೂ ತೋರಿಸಿಲ್ಲ.

ಅದೇ 2025ರಲ್ಲಿ ಎಡಿನ್‌ಬರೋದ ತಂಡವೊಂದು ಅಂತರರಾಷ್ಟ್ರೀಯ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಎರಡೂವರೆ ಸಾವಿರ ಜನ ಉತ್ತರಿಸಿದ್ದರು. ಅವರಲ್ಲಿ ಸುಮಾರು 84% ಜನ ಊಟ ಬದಲಿಸಿ ನೋಡಿದ್ದರು. ಹಾಗೆ ನೋಡಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ನೋವಿಗೆ ಅನುಕೂಲ ಆಯ್ತು ಅಂದ್ರು. ಯುರೋಪಿನ 2022ರ ಮಾರ್ಗಸೂಚಿ ಮಾತ್ರ ಯಾವ ಒಂದು ಊಟವನ್ನೂ ನೋವಿಗೆ ಶಿಫಾರಸು ಮಾಡೋಕೆ ಆಧಾರ ಸಾಲದು ಅನ್ನುತ್ತೆ. ಒಂದು ಕಡೆ ಲಕ್ಷಾಂತರ ಅಡುಗೆಮನೆಗಳ ಅನುಭವ, ಇನ್ನೊಂದು ಕಡೆ ಸಾಲದ ಪುರಾವೆ. ನಾವಿರೋದು ಇವೆರಡರ ನಡುವೆ.

ಹಳೇ ಮಾತು, ಹೊಸ ವೇಷ

ನನಗೆ ಭಯ ಇರೋದು ಇಲ್ಲೇ. 1941ರಲ್ಲಿ ‘ನೀನು ಬೇಗ ಮದುವೆ ಆಗಲಿಲ್ಲ’ ಅಂದರು. ಈಗ ಮೊಬೈಲ್ ತೆಗೆದರೆ ‘ನೀನು ಹಾಲು ಬಿಡಲಿಲ್ಲ, ಮೈದಾ ಬಿಡಲಿಲ್ಲ, ಸಕ್ಕರೆ ಬಿಡಲಿಲ್ಲ’ ಅಂತಾರೆ. ವೇಷ ಬೇರೆ, ಬೆರಳು ತೋರಿಸೋದು ಅದೇ ಹೆಣ್ಣಿನ ಕಡೆ. ಆಮೇಲೆ ಎಲ್ಲಾ ಬಿಟ್ಟರೂ ನೋವು ಬಂದರೆ, ಅದೂ ಅವಳದೇ ತಪ್ಪು.

ಇದು ಬರೀ ಮನಸ್ಸಿನ ಮಾತೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗೋ ಹುಡುಗಿ ಯಾವುದೋ ವಿಡಿಯೋ ನೋಡಿ ಮಾಂಸ ಬಿಟ್ಟು, ಬೇಳೆ ಬಿಟ್ಟು, ಹಾಲೂ ಬಿಟ್ಟರೆ ಅವಳ ತಟ್ಟೆಯಲ್ಲಿ ಉಳಿಯೋದೇನು? ಅಮೆರಿಕದ ನರ್ಸ್ ದಿನಕ್ಕೆ ಎರಡು ಹೊತ್ತು ಮಾಂಸ ತಿನ್ನೋದಕ್ಕೂ, ನಮ್ಮಲ್ಲಿ ಭಾನುವಾರಕ್ಕೊಮ್ಮೆ ಸಾರು ಮಾಡೋದಕ್ಕೂ ಹೋಲಿಕೆ ಇಲ್ಲ.

ಅಕ್ಕನ ನೋಟ್‌ಬುಕ್ಕಿಗೆ ವಾಪಸ್ ಬರ್ತೀನಿ. ಮೊದಲ ವರ್ಷ ಅವಳು ಕಂಡದ್ದನ್ನೆಲ್ಲ ಬಿಟ್ಟಳು. ಆರು ಕೆಜಿ ಇಳಿದಳು, ಹಬ್ಬದ ದಿನ ಎಲೆ ಮುಂದೆ ಕೂತು ಅತ್ತಳು. ಆಮೇಲೆ ಒಬ್ಬ ಆಹಾರ ತಜ್ಞೆ ಅದೇ ನೋಟ್‌ಬುಕ್ ತಿರುವಿ ಹಾಕಿ, ಒಂದೊಂದನ್ನೇ ವಾಪಸ್ ತರಿಸಿದರು. ಕೊನೆಗೆ ಉಳಿದ ಪಟ್ಟಿ ಚಿಕ್ಕದು. ಮುಟ್ಟಿನ ವಾರದಲ್ಲಿ ಹಸಿ ಈರುಳ್ಳಿ ಬೇಡ, ಬೇಳೆ ಸ್ವಲ್ಪ ಕಡಿಮೆ, ರಾತ್ರಿ ಚಪಾತಿ ಬದಲು ಅನ್ನ. ಹಾಲಿನಿಂದ ಅವಳಿಗೆ ಏನೂ ಆಗ್ತಿರಲಿಲ್ಲ, ಸುಮ್ಮನೆ ಎರಡು ವರ್ಷ ಕಾಫಿ ಬಿಟ್ಟಿದ್ದಳು. ಡಾಕ್ಟರ್ ಕೊಟ್ಟ ಹಾರ್ಮೋನ್ ಮಾತ್ರೆ ಈಗಲೂ ನಡೀತಿದೆ. ಎಂಟು ಇದ್ದ ನೋವು ಬಹುತೇಕ ತಿಂಗಳು ನಾಲ್ಕಕ್ಕೆ ನಿಲ್ಲುತ್ತೆ. ಎಷ್ಟು ಮಾತ್ರೆಯಿಂದ, ಎಷ್ಟು ಊಟದಿಂದ ಅಂತ ಕೇಳಿದರೆ ‘ಅದನ್ನ ನಿಮ್ಮ ಪಾಡ್‌ಕಾಸ್ಟ್‌ನಲ್ಲೇ ಕಂಡುಹಿಡೀರಿ’ ಅಂತ ನಗ್ತಾಳೆ.

ಆದರೆ ಒಂದು ಮಾತು ಅವಳು ಗಟ್ಟಿಯಾಗಿ ಹೇಳ್ತಾಳೆ. ಆ ನೋಟ್‌ಬುಕ್ಕಿನಿಂದ ಅತಿ ಹೆಚ್ಚು ಉಪಯೋಗ ಆದದ್ದು ಎರಡನೇ ಕಾಲಂನಿಂದ ಅಲ್ಲ, ಮೂರನೆಯದರಿಂದ. ‘ತುಂಬಾ ನೋವು’ ಅಂದಾಗ ಯಾರೂ ಕೇಳಿರಲಿಲ್ಲ. ತಾರೀಖಿನ ಸಮೇತ ಹದಿನೆಂಟು ತಿಂಗಳ ಅಂಕಿ ಮೇಜಿನ ಮೇಲಿಟ್ಟ ದಿನ ಡಾಕ್ಟರ್ ಪೆನ್ನು ಕೆಳಗಿಟ್ಟು ಓದಿದರಂತೆ. ಅದಾದ ಮೇಲೇ ಲ್ಯಾಪರೋಸ್ಕೋಪಿ ಮಾಡಿಸಿದ್ದು.

ನಿಮ್ಮ ಮನೆಯಲ್ಲೂ ತಿಂಗಳಿಗೆ ಮೂರು ದಿನ ಸ್ಕೂಲು, ಕೆಲಸ ತಪ್ಪಿಸಿ ಮಲಗೋ ಹೆಣ್ಣುಮಗಳಿದ್ದರೆ ಓಮದ ಕಷಾಯ ಖಂಡಿತ ಕೊಡಿ, ಬಿಸಿನೀರಿನ ಚೀಲ ಇಡಿ. ಜೊತೆಗೆ ಒಂದು ನೋಟ್‌ಬುಕ್ ಕೊಡಿ. ಅದನ್ನ ತಗೊಂಡು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಮದುವೆ ಆದ್ರೆ ಸರಿಹೋಗುತ್ತೆ ಅಂತ ಯಾರಾದರೂ ಅಂದ್ರೆ, ಅದು 1941ರ ಮಾತು ಅಂತ ಹೇಳಿ, ಇನ್ನೊಬ್ಬ ಡಾಕ್ಟರನ್ನ ಹುಡುಕಿ.